ತಂಪುನಾಡಿನ ಹಣ್ಣೂ ಬಂಡೀಪುರದ ಬೇರೂ



ಹಣ್ಣುಗಳ ವಿಚಾರವಾಗಿ ಹದಿನೈದು ನಿಮಿಷ ಮಾತನಾಡಬೇಕೆಂದು ನಿಲಯದವರು ಕೇಳಿದಾಗ ಯಾವ ಹಣ್ಣೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದುದರಿಂದ, ನಮ್ಮ ಸೀಮೆಯಲ್ಲಿ ಬೆಳೆಯದ ಎರಡು ಹಣ್ಣುಗಳನ್ನು ಹಿಡಿದುಕೊಂಡು ನಿಮ್ಮೆದುರಿಗೆ ಬಂದಿರುವುದಕ್ಕೆ ಹೊಣೆ ಪೂರ್ತಿಯಾಗಿ ನನ್ನದು. ಆ ಹೊಣೆಯಲ್ಲಿ ಅರ್ಧದಷ್ಟನ್ನು ನನ್ನ ಭಾವನವರ ಮೇಲೆ ಹೊರಿಸಿದರೂ ಅನ್ಯಾಯವಾಗಲಾರದು.

ಭಾವನವರ ಜಮೀನು ಗುಂಡ್ಲುಪೇಟೆಯಿಂದಾಚೆ ಹಂಗಳದ ದಿಕ್ಕಿನಲ್ಲಿದೆ. ಹೊಲದ ಕೊನೆಯ ಬದುವಿನಿಂದ ನೋಡಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಕಾಡು ಅಲ್ಲಿಂದ ದೂರವಿಲ್ಲ. ಅರಿಸಿನ ಹಾಕಿದ ವರ್ಷ ಅರಿಸಿನದ ಬೆಲೆ ಇಳಿಯಿತು. ನೆಲಗಡಲೆ ಹಾಕಿದ ವರ್ಷ ಕಾಡುಹಂದಿಗಳು ಬಂದವು. ಹೀಗೆ ಬೇಸತ್ತಿದ್ದ ಕಾಲದಲ್ಲಿ ಅವರು ಒಂದು ಮದುವೆಗೆಂದು ಕೂನೂರಿಗೆ ಹೋಗಿ, ಅಲ್ಲಿ ಪರ್ಸಿಮನ್ ಎಂಬ ಹಣ್ಣನ್ನು ತಿಂದು ಬಂದರು. ನೋಡುವುದಕ್ಕೆ ಹಣ್ಣಾದ ಟೊಮೇಟೊ, ಬಣ್ಣ ಕಿತ್ತಳೆಯದು, ಒಳಗೆ ಜೇನಿನಲ್ಲಿ ಕಲಸಿದ ಖರ್ಜೂರದಂತಹ ತಿರುಳು. “ಮೇಷ್ಟ್ರೇ, ಊಟಿ ನಮ್ಮ ಹೊಲದಿಂದ ಎಷ್ಟು ದೂರ? ಒಂದು ಕಾಡು ದಾಟಿದರೆ ಆಯಿತಲ್ಲ. ಅಲ್ಲಿ ಆಗುವುದು ಇಲ್ಲಿ ಏಕಾಗದು?” ಎಂದು ನನ್ನನ್ನು ಕೇಳಿದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ನಾನು ಆ ಪ್ರಶ್ನೆಗೆ ಅಂದೇ ಸರಿಯಾದ ಉತ್ತರ ಕೊಟ್ಟಿದ್ದರೆ ಈ ಭಾಷಣಕ್ಕೆ ವಸ್ತುವೇ ಇರುತ್ತಿರಲಿಲ್ಲ. ನಾನು ಕೊಟ್ಟ ಉತ್ತರ, “ನೋಡಬಹುದು” ಎಂಬುದು.

ಅವರು ನೋಡುವುದಕ್ಕೆ ಮೊದಲೇ ಮಾಡಿದರು. ಸಹಕಾರ ಸಂಘದಲ್ಲಿ ಸಾಲ ತೆಗೆದು, ದೂರದ ಒಬ್ಬ ಸಸಿ ವ್ಯಾಪಾರಿಯಿಂದ ನಲವತ್ತು ಪರ್ಸಿಮನ್ ಕಸಿಗಿಡಗಳನ್ನೂ, ಅದೇ ಪಟ್ಟಿಯಲ್ಲಿ ಕಂಡ ‘ಪಾಪಾ’ ಎಂಬ ಮತ್ತೊಂದು ತಂಪುನಾಡಿನ ಹಣ್ಣಿನ ಹತ್ತು ಸಸಿಗಳನ್ನೂ ತರಿಸಿ ನೆಟ್ಟರು. ನಾಲ್ಕು ತಿಂಗಳಲ್ಲಿ ಪಾಪಾ ಸಸಿಗಳು ಆಳೆತ್ತರ ಬೆಳೆದು, ಅಂಗೈಯಂತೆ ಹರಡಿದ ಎಲೆಗಳನ್ನು ಬಿಟ್ಟವು. ಅವು ಶುದ್ಧವಾದ ಪರಂಗಿ ಗಿಡಗಳಾಗಿದ್ದವು! ಇಂಗ್ಲಿಷ್ ಮಾತನಾಡುವ ಎಷ್ಟೋ ನಾಡುಗಳಲ್ಲಿ ಪರಂಗಿಗೂ ಅದೇ ಹೆಸರುಂಟು. ಅಮೆರಿಕದ ಕಾಡಿನ ಪಾಪಾ ಬೇರೆಯೇ ಮರ. ವ್ಯಾಪಾರಿಯು ಮೋಸಮಾಡಿದನೋ ನಿಘಂಟನ್ನು ನಂಬಿ ಕೆಟ್ಟನೋ ನಾನು ಹೇಳಲಾರೆ. ಆ ಪರಂಗಿಗಳು ಚೆನ್ನಾಗಿ ಕಾಯಿ ಬಿಟ್ಟು, ಒಟ್ಟು ನಷ್ಟದಲ್ಲಿ ಒಂದು ಪಾಲನ್ನು ತೀರಿಸಿದುವೆಂಬುದನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳಬೇಕು.

ಹಣ್ಣುಗಳ ಹೆಸರಿನ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಹಿಮಾಚಲ ಪ್ರದೇಶದಲ್ಲಿ ಪರ್ಸಿಮನ್ನನ್ನು ಜಪಾನಿ ಫಲವೆನ್ನುತ್ತಾರೆ. ದಿಲ್ಲಿಯ ಪೇಟೆಯಲ್ಲಿ ಅದನ್ನೇ ರಾಮಫಲವೆಂದು ಮಾರುವುದುಂಟು. ನಮ್ಮಲ್ಲಿ ರಾಮಫಲವೆಂದರೆ ಸೀತಾಫಲದ ಅಣ್ಣನಂತಿರುವ, ಕೆಂಪು ಕೆನ್ನೆಯ ಹಣ್ಣು. ಸೀತಾಫಲದ ಕುಲಕ್ಕೆ ಸೇರಿದ ಮರಗಳಲ್ಲಿ ಹಿಮ ಬೀಳುವ ನಾಡಿಗೆ ಹೋಗಿ ನೆಲೆಸಿದ ಒಂದೇ ಒಂದು ಪಂಗಡವೆಂದರೆ ಅಮೆರಿಕದ ಪಾಪಾದ್ದು. ಆದುದರಿಂದ ನಾನು ಹೇಳಲಿರುವ ಎರಡು ಹಣ್ಣುಗಳಲ್ಲಿ ಒಂದು ರಾಮಫಲದ ಹೆಸರನ್ನು ಕದ್ದಿದೆ. ಇನ್ನೊಂದಕ್ಕೆ ರಾಮಫಲದ ರಕ್ತಸಂಬಂಧವೇ ಉಂಟು. ಸೀತೆ, ರಾಮ, ಲಕ್ಷ್ಮಣ, ಹನುಮರ ಹೆಸರು ಹೊತ್ತ ನಮ್ಮ ಈ ಫಲಗಳೆಲ್ಲವೂ ಮೂಲತಃ ಅಮೆರಿಕ ಖಂಡದವೇ ಎಂಬುದನ್ನು ಕೇಳಿ ಕೆಲವರು ನೊಂದುಕೊಳ್ಳುತ್ತಾರೆ. ಭಾರಹುತದ ಶಿಲ್ಪಗಳಲ್ಲಿ ಸೀತಾಫಲವನ್ನು ಕಂಡೆನೆಂದು ಕನ್ನಿಂಗ್‌ಹ್ಯಾಮ್ ಪಂಡಿತನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ ಮೇಲೆ ಆ ವಾದ ಇಂದಿಗೂ ಅಲ್ಲಲ್ಲಿ ತಲೆಯೆತ್ತುವುದುಂಟು. ಹಣ್ಣು ರುಚಿಯಾಗಿರುವಾಗ ಈ ವಾದದಲ್ಲಿ ಸೋತರೆ ನಷ್ಟವೇನೂ ಇಲ್ಲ.

ಪರ್ಸಿಮನ್ನಿಗೆ ಬರೋಣ. ಸಸ್ಯಶಾಸ್ತ್ರಜ್ಞರು ಅದರ ಜಾತಿಗೆ ಡಯಾಸ್ಪೈರಾಸ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ಅದು ದೇವರ ಧಾನ್ಯವೆಂಬ ಅರ್ಥಕ್ಕೆ ಬರುತ್ತದೆ. ಈ ದೈವಿಕ ಜಾತಿಗೆ ಬಂಡೀಪುರದ ಒಣಕಾಡಿನಲ್ಲಿ ನೆಂಟರುಂಟು. ಬೀಡಿಯ ಎಲೆ ಕೊಡುವ ತೂಪ್ರದ ಮರ ಅವುಗಳಲ್ಲೊಂದು. ಚಾಮರಾಜನಗರದ ಕಡೆಯ ಸೋಲಿಗರು ಅದರ ಹಣ್ಣಿನ ರುಚಿಯನ್ನು ಚೆನ್ನಾಗಿ ಬಲ್ಲರು. ಮತ್ತೊಂದಕ್ಕೆ ನಮ್ಮ ಜನರಿಟ್ಟ ಹೆಸರು ಜಗಳಗಂಟಿ! ಅದರ ಸೌದೆಯನ್ನು ಮನೆಗೆ ತಂದರೆ ಅತ್ತೆಸೊಸೆಯರಿಗೆ ಜಗಳವಾಗುವುದೆಂಬ ನಂಬಿಕೆ. ಗ್ರೀಕರು ದೇವರ ಧಾನ್ಯವನ್ನು ಕಂಡ ವಂಶದಲ್ಲಿ ನಮ್ಮವರು ಮನೆಮುರುಕತನವನ್ನು ಕಂಡರು. ಸುಪ್ರಸಿದ್ಧವಾದ ಕರಿಮರವೂ ಇದೇ ವಂಶದ್ದು.

ಈ ವಂಶಕ್ಕೆಲ್ಲ ಸಾಮಾನ್ಯವಾದ ಗುಣ ಒಗರು. ಕಾಯಾಗಿರುವ ಪರ್ಸಿಮನ್ನನ್ನು ಕಚ್ಚಿದವನ ನಾಲಗೆ ಬಾಯಿಯ ಅಂಗಳಕ್ಕೆ ಅಂಟಿಕೊಂಡು ಅರ್ಧ ಗಳಿಗೆ ಮಾತೇ ಹೊರಡದು. ಉಪನ್ಯಾಸಕರಿಗೆ ಇದು ಅಪಾಯದ ಹಣ್ಣು. ಒಗರಿಗೆ ಕಾರಣ ಟ್ಯಾನಿನ್ ಎಂಬ ವಸ್ತು. ಅದು ರಸದಲ್ಲಿ ಕರಗಿರುವವರೆಗೆ ನಾಲಗೆಗೆ ಹತ್ತುತ್ತದೆ. ಹಣ್ಣು ಮೆತ್ತಗಾದಂತೆ ಗಂಟುಕಟ್ಟಿ ಕರಗದಂತಾಗುತ್ತದೆ, ಆಗ ಸಿಹಿ ಹೊರಬೀಳುತ್ತದೆ. ಜಪಾನಿನವರು ಹಿಂದೆ ಅಕ್ಕಿಮದ್ಯದ ಖಾಲಿ ಪೀಪಾಯಿಗಳಲ್ಲಿ ಕಾಯಿಗಳನ್ನು ತುಂಬಿಟ್ಟು ಒಗರು ತೆಗೆಯುತ್ತಿದ್ದರು. ಇಂದು ಇಂಗಾಲಾಮ್ಲ ವಾಯುವನ್ನು ತುಂಬಿದ ಕೋಣೆಗಳಲ್ಲಿ ಅದೇ ಕೆಲಸವಾಗುತ್ತದೆ. ಹಚಿಯಾ ಎಂಬ ತಳಿ ಹೀಗೆ ಮೆತ್ತಗಾಗದೆ ತಿನ್ನಲು ಬಾರದು. ಫುಯು ಎಂಬ ತಳಿಯಾದರೋ ಗಟ್ಟಿಯಾಗಿರುವಾಗಲೇ ಸೇಬಿನಂತೆ ಕಚ್ಚಿ ತಿನ್ನಲು ಬರುತ್ತದೆ. ಪೇಟೆಯಲ್ಲಿ ಕೊಳ್ಳುವಾಗ ಯಾವುದೆಂದು ಕೇಳಿಕೊಳ್ಳುವುದು ಕ್ಷೇಮಕರ. ತಿಳಿಯದಿದ್ದರೆ ಎರಡು ಬಾಳೆಹಣ್ಣಿನೊಡನೆ ಅಕ್ಕಿಯ ಡಬ್ಬದಲ್ಲಿ ಹುದುಗಿಸಿಟ್ಟು, ಮುಟ್ಟಿದರೆ ಬೆರಳು ಇಳಿಯುವಂತಾದ ಮೇಲೆ ತಿನ್ನಬಹುದು.

ಭಾವನವರ ನಲವತ್ತು ಗಿಡಗಳಿಗೆ ಬರುತ್ತೇನೆ. ನೆಟ್ಟ ಎರಡನೆಯ ವರ್ಷ ನಾನು ರಜೆಯಲ್ಲಿ ಹೋದಾಗ ಅವರು ಉತ್ಸಾಹದಿಂದ ಹೊಲಕ್ಕೆ ಕರೆದುಕೊಂಡು ಹೋದರು. ಗಿಡಗಳು ಸೊಂಪಾಗಿದ್ದವು; ಕೆಲವು ನನ್ನ ಭುಜದವರೆಗೆ ಬಂದಿದ್ದವು. ಆದರೆ ಎಲೆ ನೋಡಿದೊಡನೆ ನನಗೆ ಸಂಶಯ ಬಂತು. ಜಪಾನಿನ ಪರ್ಸಿಮನ್ನಿನ ಎಲೆ ಅಗಲ, ದಪ್ಪ, ಮೇಲೆ ಎಣ್ಣೆ ಸವರಿದಂತಹ ಹೊಳಪು. ಇಲ್ಲಿಯದು ಕಿರಿದು, ತೆಳುವು. ಮಣ್ಣಿನ ಹತ್ತಿರ ಕುಳಿತು ಕಾಂಡವನ್ನು ತಡವಿದೆ. ಗೇಣು ಎತ್ತರದಲ್ಲಿ ಕಸಿಮಾಡಿದ ಗಂಟು ಇತ್ತು. ಗಂಟಿನ ಮೇಲೆ ಒಣಗಿ ಬೂದುಬಣ್ಣಕ್ಕೆ ತಿರುಗಿದ ಒಂದು ಮೊಳೆಯಷ್ಟು ಕಡ್ಡಿ. ಸೊಂಪಾದ ರೆಂಬೆಗಳೆಲ್ಲ ಗಂಟಿನ ಕೆಳಗಿನಿಂದ ಎದ್ದಿದ್ದವು. ಕಟ್ಟಿದ ಕುಡಿ ಸತ್ತು, ಬೇರುಗಿಡ ತಾನೇ ಮರವಾಗಿತ್ತು. ನಲವತ್ತರಲ್ಲಿ ಮೂವತ್ತೊಂದರ ಗತಿ ಇದು; ಉಳಿದ ಒಂಬತ್ತು ಬೇರುಸಹಿತ ಸತ್ತಿದ್ದವು. ಎರಡು ಬೇಸಗೆ ಕೊಡದಿಂದ ನೀರು ಹೊತ್ತು ಸಾಕಿದ್ದು ಕಾಡುಗಿಡವನ್ನು. ನಾನು ಇದನ್ನು ಹೇಳಿದಾಗ ಭಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಎಲೆ ಬಂತಲ್ಲ ಎಂದು ನಿನ್ನ ಅಕ್ಕ ಹೋದ ಯುಗಾದಿಗೆ ಪೂಜೆಯನ್ನೂ ಮಾಡಿದಳು” ಎಂದರು.

ಕಸಿಯೆಂದರೇನೆಂಬುದನ್ನು ನಗರವಾಸಿಗಳಾದ ನಿಮಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮಾವಿನ ಓಟೆಯನ್ನು ನೆಟ್ಟರೆ ತಾಯಿಮರದ ಹಣ್ಣೇ ಬರುವುದೆಂಬ ಭರವಸೆಯಿಲ್ಲವೆಂದು ನೀವೆಲ್ಲ ಬಲ್ಲಿರಷ್ಟೆ. ಪರ್ಸಿಮನ್, ಪಾಪಾ, ಸೀತಾಫಲಗಳೂ ಹಾಗೆಯೇ. ಬೀಜದಿಂದ ಹುಟ್ಟಿದ್ದು ತಂದೆತಾಯಿಗಳಿಬ್ಬರ ಮಗು. ಯಾರನ್ನು ಹೋಲುವುದೋ ಹೇಳುವವರಾರು? ಒಳ್ಳೆಯ ಮರವನ್ನು ಇದ್ದಂತೆಯೇ ಇನ್ನೊಂದೆಡೆ ನಿಲ್ಲಿಸಬೇಕಾದರೆ ಅದರ ಕುಡಿಯನ್ನೇ ಕತ್ತರಿಸಿ, ಅದೇ ಕುಲದ ಗಟ್ಟಿಯಾದ ಸಸಿಯ ಮೇಲೆ ಕೂಡಿಸಬೇಕು. ತೊಗಟೆಗೂ ಒಳಗಿನ ಮರಕ್ಕೂ ನಡುವೆ ಹಸುರಾದ, ಜಾರುವ, ಕೂದಲೆಳೆಯಷ್ಟು ತೆಳುವಾದ ಒಂದು ಪದರವುಂಟು. ಮರದಲ್ಲಿ ಹೊಸ ಮರವನ್ನೂ ಹೊಸ ತೊಗಟೆಯನ್ನೂ ಹುಟ್ಟಿಸತಕ್ಕದ್ದು ಅದೇ. ಕುಡಿಯ ಪದರ ಸಸಿಯ ಪದರಕ್ಕೆ ಒಂದು ಪಕ್ಕದಲ್ಲಾದರೂ ತಾಗಿದರೆ ಎರಡೂ ಬೆಸೆದುಕೊಳ್ಳುತ್ತವೆ. ಕೂದಲೆಳೆಯಷ್ಟು ತಪ್ಪಿದರೆ ಕುಡಿ ತನ್ನಲ್ಲಿದ್ದ ನೀರನ್ನು ಕುಡಿದು ಹತ್ತು ದಿವಸ ಬದುಕಿದಂತೆ ನಟಿಸಿ ಒಣಗುತ್ತದೆ.

ಇದನ್ನು ನಾನು ಇಪ್ಪತ್ತು ವರ್ಷಗಳಿಂದ ಕರಿಹಲಗೆಯ ಮೇಲೆ ಚಿತ್ರ ಬರೆದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇನೆ. ಕೈಯಿಂದ ಮಾಡಿದ್ದು ಮಾತ್ರ ಭಾವನವರ ಹೊಲದಲ್ಲಿಯೇ ಮೊದಲು. ಗುಂಡ್ಲುಪೇಟೆಯಲ್ಲಿ ನೆಲೆಸಿದ್ದ ಒಬ್ಬ ವೃದ್ಧ ತೋಟಗಾರರನ್ನು ಕರೆಸಿದೆವು. ಮೈಸೂರಿನ ತೋಟಗಳಲ್ಲಿ ಜೀವಮಾನವೆಲ್ಲ ಮಾವು ಸಪೋಟಗಳನ್ನು ಕಟ್ಟಿದವರು. ನಾನು ಮೊದಲನೆಯ ಕುಡಿಯನ್ನು ಕೊಯ್ದಾಗ ಅವರು ನನ್ನ ಕೈಯಿಂದ ಚಾಕನ್ನು ತೆಗೆದುಕೊಂಡು, ಹೆಬ್ಬೆರಳಿನ ಉಗುರಿನ ಮೇಲೆ ಅದರ ಅಲಗನ್ನು ಇಟ್ಟು ನೋಡಿ, “ಮೇಷ್ಟ್ರೇ, ಇದು ಬದನೇಕಾಯಿ ಹೆಚ್ಚೋ ಚಾಕು” ಎಂದು ಪಕ್ಕಕ್ಕಿಟ್ಟರು. ಆಮೇಲೆ ತಮ್ಮದನ್ನು ಕಲ್ಲಿನ ಮೇಲೆ ಅರ್ಧ ಗಂಟೆ ಮಸೆದರು. ಕಸಿಯ ಕೆಲಸದಲ್ಲಿ ಹೆಚ್ಚು ಕಾಲ ಹಿಡಿಯುವುದು ಮಸೆಯುವುದೇ ಎಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ನಮ್ಮ ಯೋಜನೆ ಹೀಗಿತ್ತು. ಬೇರುಗಳು ಬದುಕಿವೆ, ಎರಡು ವರ್ಷ ನೆಲ ಹಿಡಿದಿವೆ, ಅವನ್ನು ಕೀಳುವುದೇಕೆ? ಕೂನೂರಿನಿಂದ ನಂಬಿಕೆಯ ಕುಡಿಗಳನ್ನು ತಂದು ಮತ್ತೆ ಕಟ್ಟೋಣ. ಪೌಷಮಾಸದಲ್ಲಿ, ಕೂನೂರಿನ ಮರಗಳು ಎಲೆಯುದುರಿಸಿ ನಿದ್ರಿಸುತ್ತಿದ್ದಾಗ, ಪರಿಚಿತರೊಬ್ಬರ ತೋಟದಿಂದ ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳನ್ನು ಕತ್ತರಿಸಿ, ಒದ್ದೆಯ ಹಾವಸೆಯಲ್ಲಿ ಸುತ್ತಿ, ಮೇಲೆ ಗೋಣಿ ಹೊದಿಸಿ ಹೊರಟೆವು. ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರಕ್ಕೆ ನಿಷೇಧವಿದೆ. ಘಟ್ಟದ ತಿರುವುಗಳಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ಗೇಟು ಹಾಕುವುದಕ್ಕೆ ಸ್ವಲ್ಪ ಮುಂಚೆ ಕಾಡನ್ನು ಹೊಕ್ಕು, ಮೇಲುಕಾಮನಹಳ್ಳಿಯ ತನಿಖೆಯ ಠಾಣೆಯನ್ನು ದಾಟಿದೆವು. ಮೂಟೆಯಲ್ಲಿ ಏನೆಂದು ಕೇಳಿದ ಕಾವಲುಗಾರನಿಗೆ ಕಡ್ಡಿಗಳನ್ನು ಬಿಚ್ಚಿ ತೋರಿಸಿದಾಗ ಅವನು ನಮ್ಮ ಮುಖವನ್ನೂ ಕಡ್ಡಿಯನ್ನೂ ಎರಡೆರಡು ಸಲ ನೋಡಿದನು.

ಕಟ್ಟಿದ ಕ್ರಮವನ್ನು ಹೇಳುತ್ತೇನೆ. ಬೇರುಗಿಡವನ್ನು ಮೊಣಕಾಲಿನ ಕೆಳಗೆ ನೇರವಾಗಿ ಕತ್ತರಿಸಿ, ನಡುವೆ ಅಂಗುಲದಷ್ಟು ಸೀಳುವುದು. ಎರಡು ಮೂರು ಕಣ್ಣುಗಳುಳ್ಳ ಕುಡಿಯ ಬುಡವನ್ನು ಎರಡು ಕಡೆಯಿಂದಲೂ ಬೆಣೆಯಂತೆ ಕೆತ್ತಿ ಸೀಳಿಗೆ ಇಳಿಸುವುದು. ಕುಡಿ ಕಿರಿದಾಗಿದ್ದರೆ ಸೀಳಿನ ನಡುವೆ ನಿಲ್ಲಿಸಬಾರದು. ಒಂದು ಅಂಚಿಗೆ ಸರಿಸಿ ತೊಗಟೆಗೆ ತೊಗಟೆ ಕೂಡಿಸಬೇಕು. ಪರ್ಸಿಮನ್ನಿನಲ್ಲಿ ಟ್ಯಾನಿನ್ ಹೆಚ್ಚಾದುದರಿಂದ ಕೊಯ್ದ ಮುಖ ನೋಡನೋಡುತ್ತಿದ್ದಂತೆ ಕಪ್ಪಾಗುತ್ತದೆ. ಇಲ್ಲಿ ವೇಗವೇ ಮುಖ್ಯ. ನಾನು ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದ ಕುಡಿಗಳು ಬಹಳಮಟ್ಟಿಗೆ ಸತ್ತವು. ಕಟ್ಟುವುದಕ್ಕೆ ಹಿಂದೆ ಬಾಳೆಯ ನಾರು, ಮೇಲೆ ಬಳಿಯುವುದಕ್ಕೆ ಸೆಗಣಿ ಬೆರಸಿದ ಜೇಡಿಮಣ್ಣು. ಈಗ ಪಾಲಿಥೀನ್ ಪಟ್ಟಿ ಎರಡೂ ಕೆಲಸವನ್ನು ಮಾಡುತ್ತದೆ. ಮೂರು ನಾಲ್ಕು ವಾರದಲ್ಲಿ ಕಣ್ಣು ಒಡೆಯಬೇಕು. ಎಲ್ಲಕ್ಕಿಂತ ಮಿಗಿಲಾದ ಮಾತು, ಗಂಟಿನ ಕೆಳಗೆ ಏಳುವ ಚಿಗುರನ್ನು ವಾರವಾರವೂ ಚಿವುಟುತ್ತಿರಬೇಕು. ಭಾವನವರ ಮೊದಲ ನಲವತ್ತನ್ನು ಕೊಂದದ್ದು ಈ ಒಂದು ಮಾತನ್ನು ಮಾರಿದವನು ಹೇಳದೆ ಹೋದದ್ದು.

ತೂಪ್ರದ ಮೇಲೆ ಕಟ್ಟಿದರೆ ಹೇಗೆ ಎಂಬ ಆಸೆ ನಮಗೆ ಹುಟ್ಟದಿರಲಿಲ್ಲ. ಒಂದೇ ಜಾತಿ; ಈ ನೆಲದ್ದೇ ಬೇರು; ಬರಕ್ಕೆ ಬಗ್ಗದ ಮರ; ಕಡಿದಷ್ಟೂ ಬೇರಿನಿಂದ ಚಿಗುರೇಳುವ ಜೀವಬಲ. ಕಾಡಿನೊಳಗಿನದನ್ನು ಮುಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣೆಯ ಶಾಸನ ಅದಕ್ಕೆ ಅವಕಾಶವೀಯದು, ಈಯದಿರುವುದೇ ಸರಿ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದಿದ್ದ ಗಿಡಗಳ ಮೇಲೆ ಆರು ಕುಡಿ ಕಟ್ಟಿದೆವು. ಎರಡು ಎಲೆ ತೋರಿಸಿದವು. ಚೈತ್ರದ ಹೊತ್ತಿಗೆ ಅವೂ ಒಣಗಿದವು. ಆರು ಕುಡಿಗಳ ಸಾಕ್ಷಿಯಿಂದ ಶಾಸ್ತ್ರ ಬರೆಯಬಾರದು. ಆದರೆ ಒಂದೇ ಜಾತಿಯೊಳಗೂ ಎಲ್ಲರಿಗೂ ಎಲ್ಲರೂ ಒಗ್ಗುವುದಿಲ್ಲವೆಂಬುದು ಇತರರ ಅನುಭವದಿಂದಲೂ ತಿಳಿದ ಮಾತೇ. ಚಳಿಯನ್ನೂ ಬರವನ್ನೂ ತಡೆಯುವ ಲೋಟಸ್ ಎಂಬ ಬೇರುಗಿಡದ ಮೇಲೆ ಹಲವು ತಳಿಗಳು ಚೆನ್ನಾಗಿ ಬರುತ್ತವೆ; ಫುಯು ಮಾತ್ರ ಅದರೊಡನೆ ಹಲವು ಕಡೆ ಒಗ್ಗದೆ ಸೊರಗುತ್ತದೆ.

ಅಮೆರಿಕ ರಷ್ಯಾಗಳಲ್ಲಿ ಹಣ್ಣುಗಾರರ ಚಿಂತೆಯೇ ಬೇರೆ. ಜಪಾನಿನ ಪರ್ಸಿಮನ್ ಸುಮಾರು ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನವರೆಗೆ ಚಳಿಯನ್ನು ತಡೆದೀತು. ಅಮೆರಿಕದ ಕಾಡುಪರ್ಸಿಮನ್ ಅದಕ್ಕಿಂತಲೂ ಹತ್ತು ಡಿಗ್ರಿ ಕೆಳಗೆ ಬದುಕುತ್ತದೆ. ಹಣ್ಣು ಚಿಕ್ಕದು, ಆದರೆ ಪರಿಮಳ ಹೆಚ್ಚು. ಕ್ರಿಮಿಯಾದ ಯಾಲ್ಟಾ ಪಟ್ಟಣದ ಬಳಿ ನಿಕಿತಾ ಉದ್ಯಾನದಲ್ಲಿ ಈ ಎರಡನ್ನೂ ಕೂಡಿಸಿ ರಸ್ಸಿಯಾಂಕಾ ಎಂಬ ತಳಿಯನ್ನು ಮಾಡಿದರು: ಒಬ್ಬರ ಗಾತ್ರ, ಇನ್ನೊಬ್ಬರ ಚಳಿಸಹನೆ. ಪಾಪಾದ ಕಥೆ ಇನ್ನೂ ಸ್ವಾರಸ್ಯವಾದುದು. ಕಾಡಿನಲ್ಲಿ ಸಾವಿರಾರು ಮರಗಳು ಸಾವಿರಾರು ರುಚಿಗಳಲ್ಲಿ ಬೆಳೆಯುತ್ತಿದ್ದುದನ್ನು ಕಂಡು, 1916ರಲ್ಲಿ ಅಮೆರಿಕದ ವಂಶಶಾಸ್ತ್ರ ಸಂಘದವರು ಅತ್ಯುತ್ತಮವಾದ ಪಾಪಾ ಯಾವುದೆಂದು ಒಂದು ಸ್ಪರ್ಧೆಯನ್ನೇ ಏರ್ಪಡಿಸಿದರು. ಆಮೇಲೆ ಬಹುಕಾಲ ಆ ಹಣ್ಣು ಮರೆತುಹೋಗಿ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ನೆನಪಿಗೆ ಬಂತು. ಈಗ ಕೆಂಟಕಿಯ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಅದರ ತಳಿಗಳನ್ನು ಕೂಡಿಟ್ಟು ಅಭ್ಯಸಿಸುತ್ತಾರೆ. 2009ರಲ್ಲಿ ಅಲ್ಲಿಂದ ಆಟ್‌ವುಡ್ ಎಂಬ ತಳಿ ಹೊರಬಂತು. ಅಲ್ಲಿಯವರು ತಳಿಯನ್ನಾರಿಸುವಾಗ ಎರಡು ಪ್ರಶ್ನೆ ಕೇಳುತ್ತಾರೆ: ಈ ಮರ ನಮ್ಮ ಮಾಗಿಯನ್ನು ಬದುಕಿ ಕಳೆಯುವುದೇ? ಹಿಮ ಬೀಳುವುದಕ್ಕೆ ಮೊದಲು ಹಣ್ಣು ಮಾಗುವುದೇ?

ಹಂಗಳದ ಹೊಲದಲ್ಲಿ ನಿಂತು ನಾವೂ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದೆವು. ಅಲ್ಲಿಯೇ ತಪ್ಪಿದ್ದು. ನಮ್ಮ ಮೂವತ್ತೊಂದು ಬೇರುಗಳ ಮೇಲೆ ಕಟ್ಟಿದ ಕುಡಿಗಳಲ್ಲಿ ಹದಿನಾಲ್ಕು ಹಿಡಿದವು. ಮುಂದಿನ ವರ್ಷ ಅವು ಚಿಗುರಿದ ರೀತಿಯನ್ನು ಕಂಡಾಗ ನನಗೆ ವಿಷಯ ಹೊಳೆಯಿತು. ಒಂದೇ ರೆಂಬೆಯಲ್ಲಿ ತುದಿಯ ಕಣ್ಣು ಎದ್ದಿದೆ, ನಡುವಿನದು ಮಲಗಿದೆ, ಬುಡದ್ದು ಎಂದೋ ಸತ್ತಿದೆ. ತಂಪುನಾಡಿನ ಮರದ ಮೊಗ್ಗು ಮಾಗಿಯಲ್ಲಿ ಮಲಗುವಾಗ ಒಂದು ಲೆಕ್ಕವನ್ನಿಟ್ಟುಕೊಳ್ಳುತ್ತದೆ. ಸುಮಾರು ಏಳು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇಷ್ಟು ಗಂಟೆಗಳನ್ನು ಕಳೆದ ಹೊರತು ಅದು ಮನಸ್ಸಿಟ್ಟು ಏಳದು. ಜಪಾನಿನ ಪರ್ಸಿಮನ್ನಿಗೆ ಒಂದೆರಡು ನೂರು ಗಂಟೆ ಸಾಕಾದೀತು. ಪಾಪಾ ಕೇಳುವುದು ನಾನೂರರಷ್ಟು. ಗುಂಡ್ಲುಪೇಟೆಯ ಮಾಗಿಯಲ್ಲಿ ಕಂಬಳಿ ಬೇಕಾಗುವುದು ನಿಜ. ಆದರೆ ಒಂಬತ್ತು ಗಂಟೆಯ ಬಿಸಿಲಿಗೆ ಆ ಚಳಿ ಕರಗಿ, ಮಧ್ಯಾಹ್ನಕ್ಕೆ ನೆರಳು ಹುಡುಕುವಂತಾಗುತ್ತದೆ. ಕೂನೂರು ಸಾವಿರದ ಎಂಟುನೂರು ಮೀಟರಿಗಿಂತ ಎತ್ತರದಲ್ಲಿದೆ. ಹಿಮವಂತನ ಹೆಸರು ಹೊತ್ತ ನಮ್ಮ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯೇ 1454 ಮೀಟರು, ಹೊಲ ಅದರ ಬುಡದಲ್ಲಿ. ದಾರಿಯ ಮೈಲಿಗಳನ್ನು ಎಣಿಸಿದ ಭಾವನವರು ಎತ್ತರವನ್ನು ಎಣಿಸಲಿಲ್ಲ. ನಾನು ಎಣಿಸಬಹುದಾಗಿತ್ತು.

ಚಳಿಯನ್ನು ತಡೆಯುವ ತಳಿಯನ್ನಾರಿಸಿದ ಮೇಲೆ ಚಳಿಯನ್ನು ಎಲ್ಲಿಂದ ತರುವುದು? ಚಳಿಗೆ ಗಟ್ಟಿಯಾದಷ್ಟೂ ಅದನ್ನೇ ಹೆಚ್ಚಾಗಿ ಬೇಡುವ ಮರಗಳು ಬಹಳ. ನಮಗೆ ಬೇಕಾದದ್ದು ಚೈತ್ರ ವೈಶಾಖಗಳ ಒಣಬಿಸಿಲನ್ನು ತಡೆಯುವ ಗಟ್ಟಿತನ. ಆ ಹದಿನಾಲ್ಕರಲ್ಲಿ ಆ ಬೇಸಗೆಯನ್ನು ದಾಟಿದ್ದು ಮೂರು, ಬಾವಿಯ ಪಕ್ಕದವು.

ಸಾಲದ ಕಂತಿನ ಕಾಗದ ಬಂದಿತ್ತು. ಆಗ ವೃದ್ಧ ತೋಟಗಾರರು, ನಾವು ಕುಳಿತಿದ್ದ ಕಲ್ಲುಗುಂಡಿನ ಸಂದಿಯಲ್ಲಿ ಯಾರೂ ನೀರೆರೆಯದೆ ಬೆಳೆದಿದ್ದ ಒಂದು ಗಿಡವನ್ನು ತೋರಿಸಿ, “ಇದನ್ನ ಮೇಕೇನೂ ಮುಟ್ಟಾಕಿಲ್ಲ ಮೇಷ್ಟ್ರೇ” ಎಂದರು. ಅದು ಸೀತಾಫಲ. ನಾನು ತಂಪುನಾಡಿನ ಪಾಪಾವನ್ನು ಹುಡುಕುತ್ತಿದ್ದಾಗ ಅದರ ದಾಯಾದಿ ನನ್ನ ಬೆನ್ನಹಿಂದೆಯೇ ಇತ್ತು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಚೆರಿಮೋಯ ಎಂಬ ಫಲವುಂಟು. ನಮ್ಮಲ್ಲಿ ಕೆಲವರು ಹನುಮಫಲವೆನ್ನುವುದು ಅದನ್ನೇ. ಅದು ತಂಪನ್ನು ಬಯಸುತ್ತದೆ. 1908ರಲ್ಲಿ ಫ್ಲಾರಿಡಾ ಸೀಮೆಯಲ್ಲಿ ವೆಸ್ಟರ್ ಎಂಬ ತಜ್ಞನು ಅದನ್ನು ಸೀತಾಫಲದೊಡನೆ ಕೂಡಿಸಿ ಅಟೆಮೋಯವೆಂಬ ಮಿಶ್ರಫಲವನ್ನು ಪಡೆದನು. ಬೆಂಗಳೂರಿನ ಹತ್ತಿರ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ಐಲೆಂಡ್ ಜೆಮ್ ಎಂಬ ಅಟೆಮೋಯವನ್ನು ಮ್ಯಾಮತ್ ಎಂಬ ಸೀತಾಫಲದೊಡನೆ ಮತ್ತೆ ಕೂಡಿಸಿ ಅರ್ಕ ಸಹನ್ ಎಂಬ ತಳಿಯನ್ನು ಕೊಟ್ಟಿದ್ದಾರೆ. ಹಣ್ಣು ದೊಡ್ಡದು, ಬೀಜ ಕಡಮೆ, ಬೇಗ ಕೆಡದು, ಸಿಹಿ ಬಹಳ. ಬೆಟ್ಟದ ತಂಪಿನ ರಕ್ತ ಹೀಗೆ ಎರಡು ಪೀಳಿಗೆ ಸುತ್ತಿಕೊಂಡು ನಮ್ಮ ಬಯಲಿಗೆ ಬಂದಿದೆ. ಅದರ ಜೊತೆಗೆ ತೆಲಂಗಾಣದ ಬಾಲಾನಗರದ ಹಳೆಯ ತಳಿಯನ್ನೂ ಆರಿಸಿದೆವು.

ಸೀತಾಫಲವನ್ನು ಕಸಿಮಾಡುವುದರಲ್ಲಿ ಒಂದು ಗುಟ್ಟುಂಟು. ಅದರ ಮೊಗ್ಗು ಎಲೆಯ ತೊಟ್ಟಿನ ಬುಡದೊಳಗೆ ಅಡಗಿ ಕುಳಿತಿರುತ್ತದೆ; ಹೊರಗೆ ಕಾಣದು. ಕುಡಿಯನ್ನು ಕತ್ತರಿಸುವುದಕ್ಕೆ ಒಂದೆರಡು ವಾರ ಮುಂಚೆ, ಅದು ಮರದ ಮೇಲಿರುವಾಗಲೇ ಎಲೆಗಳನ್ನು ಕತ್ತರಿಸಿ ತೊಟ್ಟನ್ನು ಮಾತ್ರ ಬಿಡಬೇಕು. ತೊಟ್ಟು ತಾನಾಗಿ ಉದುರಿ, ಮೊಗ್ಗು ಬೆಳಕು ಕಂಡು ಉಬ್ಬುತ್ತದೆ. ಆಗ ಕೊಯ್ದು, ನಾಟಿ ಸೀತಾಫಲದ ಸಸಿಯ ಮೇಲೆ ಮೊದಲು ಹೇಳಿದ ಬೆಣೆಯ ಕ್ರಮದಲ್ಲಿಯೇ ಕಟ್ಟುವುದು. ಅರುವತ್ತರಲ್ಲಿ ನಲವತ್ತೆಂಟು ಹಿಡಿದವು. ಅವುಗಳಲ್ಲಿ ಏಳು ನನ್ನ ಕೈಯವು. ಏಳನ್ನೂ ನಾನು ಗುರುತಿಟ್ಟಿದ್ದೇನೆ.

ಹೂವಿನ ವಿಷಯದಲ್ಲಿಯೂ ಪಾಪಾಕ್ಕೂ ಸೀತಾಫಲಕ್ಕೂ ಮನೆತನದ ಹೋಲಿಕೆಯಿದೆ. ಒಂದೇ ಹೂವು ಮೊದಲು ಹೆಣ್ಣಾಗಿ ಅರಳಿ, ಆಮೇಲೆ ಗಂಡಾಗಿ ಪರಾಗ ಸುರಿಸುತ್ತದೆ. ಈ ಹೊತ್ತುಗೆಟ್ಟ ದಾಂಪತ್ಯಕ್ಕೆ ದೂತರು ಸಣ್ಣ ದುಂಬಿಗಳು; ಅಮೆರಿಕದಲ್ಲಿ ನೊಣಗಳೂ ಸೇರುತ್ತವೆ. ದೂತರು ಕಡಮೆಯಾದೆಡೆ ರೈತನು ಬೆಳಗಿನ ಹೊತ್ತು ಸಣ್ಣ ಕುಂಚದಿಂದ ಪರಾಗವನ್ನು ಮುಟ್ಟಿಸಿದರೆ ಕಾಯಿ ದುಂಡಗೆ ಕಟ್ಟುತ್ತದೆ. ಈ ಕೆಲಸ ನನ್ನ ಅಕ್ಕನದಾಗಿದೆ. ಮಕ್ಕಳಿರುವ ಮನೆಗಳಿಗೆ ಒಂದು ಎಚ್ಚರಿಕೆ: ಹೇನಿಗೆಂದು ಸೀತಾಫಲದ ಬೀಜವನ್ನು ಅರೆದು ತಲೆಗೆ ಹಚ್ಚುವ ಪದ್ಧತಿಯಿದೆ, ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಕೆಡುತ್ತದೆ. ದಯವಿಟ್ಟು ಬಿಡಬೇಕು.

ಆನೆಯ ಮಾತು ಉಳಿಯಿತು. ಕಾಡಂಚಿನಲ್ಲಿ ಹಲಸು ಬಾಳೆಗಳನ್ನು ಬೆಳೆದವನು ಆನೆಗೆ ಓಲೆ ಕಳುಹಿಸಿದಂತೆಯೇ. ಹೋದ ವರ್ಷ ಒಂದು ರಾತ್ರಿ ಒಂಟಿಸಲಗವು ಕಂದಕ ಕುಸಿದಿದ್ದೆಡೆ ದಾಟಿ ಹೊಲಕ್ಕೆ ಬಂತು. ಭಾವನವರು ಅಟ್ಟಣೆಯ ಮೇಲೆ ಉಸಿರು ಬಿಗಿಹಿಡಿದು ಕುಳಿತು ನೋಡಿದರಂತೆ. ಅದು ಸೀತಾಫಲದ ಸಾಲುಗಳ ನಡುವೆ ಒಂದು ಗಿಡವನ್ನೂ ಮುರಿಯದೆ ನಡೆದು, ವ್ಯಾಪಾರಿಯು ಪಾಪಾ ಎಂದು ಕಳುಹಿಸಿದ್ದ ಪರಂಗಿಗಳಲ್ಲಿ ಉಳಿದಿದ್ದ ನಾಲ್ಕನ್ನೂ ಬುಡಸಹಿತ ಮುಗಿಸಿ ಹಿಂದಿರುಗಿತು. ಒಂದು ರಾತ್ರಿಯ ಸಾಕ್ಷಿಯಿಂದ ಆನೆಯ ಅಭಿರುಚಿ ನಿರ್ಣಯವಾಗದು; ಅದಕ್ಕೆ ಅಂದು ಹಸಿವು ಅಷ್ಟೇ ಇದ್ದಿರಬಹುದು.

ಈ ವರ್ಷ ಮೊದಲ ಫಸಲನ್ನು ಮೈಸೂರಿನ ಪೇಟೆಗೆ ಒಯ್ದರು. ಸಾಲದ ಎರಡು ಕಂತು ತೀರಿವೆ, ಐದು ಉಳಿದಿವೆ. ಬಾವಿಯ ಪಕ್ಕದ ಮೂರು ಪರ್ಸಿಮನ್ ಗಿಡಗಳನ್ನು ಕಿತ್ತುಹಾಕಿರೆಂದು ನಾನು ಹೇಳಿದೆ, ಭಾವನವರು ಒಪ್ಪಲಿಲ್ಲ. ಜಾವಾ ದ್ವೀಪದ ಬಾಟು ಎಂಬಲ್ಲಿ, ಚಳಿಯೇ ಇಲ್ಲದ ನೆಲದಲ್ಲಿ, ಸೇಬಿನ ಮರದ ಎಲೆಗಳನ್ನು ಕೈಯಿಂದ ಕಿತ್ತುಹಾಕಿ ಮೊಗ್ಗಿಗೆ ಮಾಗಿ ಕಳೆಯಿತೆಂಬ ಭ್ರಮೆ ಹುಟ್ಟಿಸಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆಂದು ನಾನೇ ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಸೇಬಿಗೆ ಸಂದದ್ದು ಪರ್ಸಿಮನ್ನಿಗೆ ಸಲ್ಲುವುದೆಂದು ಹೇಳಲಾಗದೆಂದು ಕಾಗದ ಬರೆದೆ. ಮಾರ್ಗಶಿರದ ರಜೆಗೆ ಬಾ, ಮೂರು ಗಿಡದ ಎಲೆಗಳನ್ನು ಬೋಳಿಸಿ ನೋಡಿಯೇ ಬಿಡೋಣ, ಬರುವಾಗ ಆ ಬದನೇಕಾಯಿಯ ಚಾಕನ್ನು ತರಬೇಡ ಎಂದು ಉತ್ತರ ಬಂದಿದೆ. ಹೊಸದೊಂದನ್ನು ಕೊಂಡು ದಿನವೂ ಸಂಜೆ ಮಸೆಯುತ್ತಿದ್ದೇನೆ.